ಮಹಿಳೆಯರ ಹೃದಯಾರೋಗ್ಯ: ಮುಶಿಗೇರಿ ಸೀಮೆಯ ದಿನಚರಿ

ಹೃದಯ ಮತ್ತು ರಕ್ತನಾಳಗಳ ಕಾಯಿಲೆಯನ್ನು ದೂರವಿಡಲು, ಬಂದದ್ದನ್ನು ಬೇಗ ಗುರುತಿಸಲು ಮಹಿಳೆಯರು ದಿನನಿತ್ಯ ಪಾಲಿಸಬಹುದಾದ ರೂಢಿಗಳನ್ನು ಇಲ್ಲಿ ವಿವರಿಸಿದೆ. ಅದಕ್ಕೆ ನೆಲೆಯಾಗಿರುವುದು ಗದಗ ಜಿಲ್ಲೆಯ ಗಜೇಂದ್ರಗಡ ತಾಲ್ಲೂಕಿನ ಮುಶಿಗೇರಿ ಮತ್ತು ಅದರ ಸುತ್ತಲಿನ ಸೀಮೆ. ಮುಶಿಗೇರಿ ಮೊದಲು ರೋಣ ತಾಲ್ಲೂಕಿನಲ್ಲಿತ್ತು. ಗಜೇಂದ್ರಗಡ ಪ್ರತ್ಯೇಕ ತಾಲ್ಲೂಕಾದ ಮೇಲೆ ಅದರ ವ್ಯಾಪ್ತಿಗೆ ಬಂತು. ಜೋಳ, ಹೆಸರು, ಕಡಲೆ, ಉಳ್ಳಾಗಡ್ಡಿ, ಮೆಣಸಿನಕಾಯಿ ಬೆಳೆಯುವ ಒಣಬೇಸಾಯದ ನಾಡು ಇದು. ಅಡುಗೆ, ನೀರು, ದನಕರು, ಹೊಲದ ಕೂಲಿ, ಗಜೇಂದ್ರಗಡದ ಕಡೆ ಕೈಮಗ್ಗ, ಇವುಗಳ ನಡುವೆ ಇಲ್ಲಿನ ಹೆಣ್ಣುಮಕ್ಕಳ ದಿನ ಕಳೆಯುತ್ತದೆ. ಪಟ್ಟಣದ ಆರೋಗ್ಯ ಪುಸ್ತಕಗಳು ಹೇಳುವ ಜಿಮ್ಮು, ಓಟ್ಸ್, ಆಲಿವ್ ಎಣ್ಣೆಗಳಿಗೆ ಇಲ್ಲಿ ಜಾಗವಿಲ್ಲ, ಅವುಗಳ ಅಗತ್ಯವೂ ಇಲ್ಲ. ಹೃದಯಕ್ಕೆ ಹಿತವಾದ ಆಹಾರದ ಬಹುಪಾಲು ಈ ಸೀಮೆಯ ಹಳೆಯ ತಾಟಿನಲ್ಲೇ ಇದೆ. ಕೊರತೆ ಕಾಣುವುದು ಬೇರೆ ಕಡೆ: ಮೂವತ್ತು ದಾಟಿದ ಹೆಣ್ಣುಮಗಳ ರಕ್ತದೊತ್ತಡ ಎಷ್ಟೆಂದು ಆಕೆಯ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಆಕೆಗೂ ಗೊತ್ತಿರುವುದಿಲ್ಲ.

ಗಂಡಸರ ಕಾಯಿಲೆ ಎಂಬ ನಂಬಿಕೆ

ಹೃದಯಾಘಾತವೆಂದರೆ ಗಂಡಸರಿಗೆ ಬರುವುದು, ಅದರಲ್ಲೂ ಕುಳಿತು ಉಣ್ಣುವ ದಪ್ಪ ಆಸಾಮಿಗಳಿಗೆ ಬರುವುದು ಎಂಬ ನಂಬಿಕೆ ಹಳ್ಳಿಯಲ್ಲಷ್ಟೇ ಅಲ್ಲ, ವೈದ್ಯಲೋಕದಲ್ಲೂ ಬಹಳ ಕಾಲ ಇತ್ತು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಲ್ಲಿ ಶುರುವಾದ ಪ್ರಸಿದ್ಧ ಅಧ್ಯಯನಕ್ಕೆ ಸೇರಿದ 5,209 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಂಗಸರೇ ಆಗಿದ್ದರು. ಆದರೂ ಆಮೇಲಿನ ದಶಕಗಳಲ್ಲಿ ಔಷಧಗಳ ಪರೀಕ್ಷೆ ನಡೆದದ್ದು ಬಹುಮಟ್ಟಿಗೆ ಗಂಡಸರ ಮೇಲೆ. 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗವೊಂದು ಮಹಿಳೆಯರ ಹೃದ್ರೋಗವನ್ನೇ ವಿಷಯವಾಗಿಟ್ಟುಕೊಂಡು ವರದಿ ಕೊಟ್ಟಿತು. ಅದರ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ ಸತ್ತ ಮಹಿಳೆಯರಲ್ಲಿ ಶೇ. 35ರಷ್ಟು ಮಂದಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದಲೇ ಸತ್ತವರು. ಎಲ್ಲ ಬಗೆಯ ಕ್ಯಾನ್ಸರುಗಳೂ ಇದರ ಹಿಂದೆಯೇ ಉಳಿಯುತ್ತವೆ. ಭಾರತದಲ್ಲಿ 2016ರ ಲೆಕ್ಕದಂತೆ ಒಟ್ಟು ಸಾವುಗಳಲ್ಲಿ ಶೇ. 28ಕ್ಕೆ ಈ ಕಾಯಿಲೆಗಳೇ ಕಾರಣ.

ಕನ್ನಡದಲ್ಲಿ ಮಹಿಳೆಯರ ಆರೋಗ್ಯದ ಬಗ್ಗೆ ಬರವಣಿಗೆಗೆ ಕೊರತೆಯೇನಿಲ್ಲ. ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರ ‘ಕೇಳು ಕಿಶೋರಿ’, ‘ತಾಯಿ ಮಗು’ ಪುಸ್ತಕಗಳು ಮನೆಮನೆಗೆ ತಲುಪಿದವು. ಮುಟ್ಟು, ಮದುವೆ, ಬಸಿರು, ಬಾಣಂತನ, ಮಗುವಿನ ಆರೈಕೆ ಆಗಿನ ತುರ್ತುಗಳಾಗಿದ್ದವು. ಆ ತುರ್ತು ಮುಗಿದ ಮೇಲೆ, ಮಕ್ಕಳು ದೊಡ್ಡವರಾದ ಮೇಲೆ ಹೆಣ್ಣಿನ ಮೈಯಲ್ಲಿ ಏನಾಗುತ್ತದೆ ಎಂಬ ಬಗ್ಗೆ ಅಷ್ಟು ಜನಪ್ರಿಯವಾಗಿ ಬರೆದವರು ಕಡಿಮೆ. ಆರೋಗ್ಯ ಇಲಾಖೆಯ ಗಮನವೂ ಹೆರಿಗೆಯ ಸುತ್ತಲೇ ಇತ್ತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್, ಪಾರ್ಶ್ವವಾಯುಗಳಿಗೆ ರಾಷ್ಟ್ರಮಟ್ಟದ ಕಾರ್ಯಕ್ರಮ ಬಂದದ್ದು 2010ರಲ್ಲಿ.

ರೋಗಕ್ಕೆ ಕಾರಣವಾಗುವ ಸಂಗತಿಗಳಲ್ಲಿ ಗಂಡು ಹೆಣ್ಣೆಂಬ ಭೇದ ಅಷ್ಟಿಲ್ಲ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನ ಅಪಾಯವನ್ನು ಏರಿಸುವ ಇಲ್ಲವೇ ಇಳಿಸುವ ಒಂಬತ್ತು ಅಂಶಗಳನ್ನು ಹೆಸರಿಸಿತು: ತಂಬಾಕು, ಕೊಬ್ಬಿನ ಏರುಪೇರು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು-ತರಕಾರಿಯ ಕೊರತೆ, ಮದ್ಯದ ರೂಢಿ, ಮೈಗೆ ಕೆಲಸವಿಲ್ಲದಿರುವುದು. ಮಹಿಳೆಯರಲ್ಲಿ ಮೊದಲ ಹೃದಯಾಘಾತದ ಅಪಾಯದ ಶೇ. 94ರಷ್ಟು ಭಾಗ ಈ ಒಂಬತ್ತರೊಳಗೇ ಅಡಗಿದೆ. ಹೆಣ್ಣಿನ ಮೈಯಲ್ಲಿ ಇವುಗಳ ತೂಕ ಮಾತ್ರ ಒಂದಿಷ್ಟು ಬೇರೆ. ಸಕ್ಕರೆ ಕಾಯಿಲೆ ಬಂದರೆ ಹೃದ್ರೋಗದ ಅಪಾಯ ಗಂಡಸಿಗಿಂತ ಹೆಂಗಸಿಗೆ ಹೆಚ್ಚು ಪಟ್ಟು ಏರುತ್ತದೆ. ತಂಬಾಕಿನ ಹೊಗೆಯ ವಿಷಯದಲ್ಲೂ ಹಾಗೆಯೇ.

ರೂಢಿ ಬದಲಿಸಿದರೆ ಎಷ್ಟು ಫಲವಿದೆ ಎಂಬುದಕ್ಕೆ ಪದೇಪದೇ ಉಲ್ಲೇಖವಾಗುವುದು ಅಮೆರಿಕದ ನರ್ಸ್‌ಗಳ ಅಧ್ಯಯನ. 84,000ಕ್ಕೂ ಹೆಚ್ಚು ನರ್ಸ್‌ಗಳನ್ನು 14 ವರ್ಷ ಗಮನಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಧೂಮಪಾನವಿಲ್ಲದ, ತೂಕ ಹದದಲ್ಲಿರುವ, ದಿನಕ್ಕೆ ಅರ್ಧ ಗಂಟೆಯಾದರೂ ಮೈ ಆಡಿಸುವ, ಒಳ್ಳೆಯ ಆಹಾರ ತಿನ್ನುವ ಮಹಿಳೆಯರಲ್ಲಿ ಹೃದಯಾಘಾತದ ಸಂಭವ ಉಳಿದವರಿಗಿಂತ ಶೇ. 80ಕ್ಕೂ ಹೆಚ್ಚು ಕಡಿಮೆಯಿತ್ತು. ಇಷ್ಟೆಲ್ಲ ಪಾಲಿಸುತ್ತಿದ್ದವರು ನೂರಕ್ಕೆ ಮೂವರು ಮಾತ್ರ. (ಆ ಪಟ್ಟಿಯಲ್ಲಿ ಮಿತವಾದ ಮದ್ಯವೂ ಸೇರಿತ್ತು. ವಿಶ್ವ ಆರೋಗ್ಯ ಸಂಸ್ಥೆ ಈಗ ಮದ್ಯದ ಯಾವ ಪ್ರಮಾಣವನ್ನೂ ಸುರಕ್ಷಿತವೆಂದು ಒಪ್ಪುವುದಿಲ್ಲ.)

ಬಸಿರು, ತಾಯಿ ಕಾರ್ಡು, ಮುಟ್ಟು ನಿಲ್ಲುವ ಕಾಲ

ಹೆಣ್ಣಿನ ಹೃದಯದ ಮುಂದಿನ ಮೂವತ್ತು ವರ್ಷದ ಸುಳಿವು ಬಸಿರಿನ ಒಂಬತ್ತು ತಿಂಗಳಲ್ಲೇ ಸಿಗುವುದುಂಟು. ಬಸಿರಿನಲ್ಲಿ ಕೆಲವರ ರಕ್ತದೊತ್ತಡ (ಬಿ.ಪಿ.) ಏರಿ, ಮೂತ್ರದಲ್ಲಿ ಪ್ರೋಟೀನು ಹೋಗಿ, ಕೈಕಾಲು ಬಾತು, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಹೆರಿಗೆಯಾದ ಮೇಲೆ ಬಿ.ಪಿ. ಇಳಿಯುತ್ತದೆ, ಮನೆಯವರು ಮರೆತುಬಿಡುತ್ತಾರೆ. ಆದರೆ ಇಂಥ ತಾಯಂದಿರಿಗೆ ಮುಂದೆ ಹೃದ್ರೋಗ ಮತ್ತು ಪಾರ್ಶ್ವವಾಯುವಿನ ಅಪಾಯ ಉಳಿದವರಿಗಿಂತ ಸುಮಾರು ಇಮ್ಮಡಿ. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡವರಿಗೂ, ದಿನ ತುಂಬುವ ಮೊದಲೇ ಹೆತ್ತವರಿಗೂ ಅಪಾಯ ಹೆಚ್ಚು.

ಕರ್ನಾಟಕದಲ್ಲಿ ಪ್ರತಿ ಬಸುರಿಗೂ ಕೊಡುವ ತಾಯಿ ಕಾರ್ಡಿನಲ್ಲಿ ಬಿ.ಪಿ., ತೂಕ, ಹಿಮೋಗ್ಲೋಬಿನ್ ಎಲ್ಲ ಬರೆದಿರುತ್ತಾರೆ. ಮಗುವಿನ ಲಸಿಕೆಗಳು ಮುಗಿದ ಮೇಲೆ ಆ ಕಾರ್ಡು ಹಳೆಯ ಕಾಗದಗಳ ಜೊತೆ ಎಲ್ಲೋ ಸೇರಿಬಿಡುತ್ತದೆ. ಅದನ್ನು ಜೋಪಾನವಾಗಿಟ್ಟು, ನಲವತ್ತರಲ್ಲಿ ಯಾವ ತೊಂದರೆಗೆ ಆಸ್ಪತ್ರೆಗೆ ಹೋದರೂ ವೈದ್ಯರಿಗೆ ತೋರಿಸುವುದು ಖರ್ಚಿಲ್ಲದ ಒಳ್ಳೆಯ ರೂಢಿ. ಚೊಚ್ಚಲ ಬಸಿರಿನಲ್ಲಿ ಬಿ.ಪಿ. 160 ಮುಟ್ಟಿತ್ತು ಎಂಬ ಒಂದು ಸಾಲು ಹತ್ತು ಪರೀಕ್ಷೆಗಳಿಗಿಂತ ಹೆಚ್ಚು ಹೇಳುತ್ತದೆ.

ಬಾಣಂತನದ ಆರೈಕೆಯ ಬಗ್ಗೆಯೂ ಒಂದು ಮಾತು. ತುಪ್ಪ, ಕೊಬ್ಬರಿ, ಅಂಟಿನ ಉಂಡಿ ತಿನಿಸಿ ಬಾಣಂತಿಯನ್ನು ತಿಂಗಳುಗಟ್ಟಲೆ ಅಲುಗಾಡದಂತೆ ಕೂರಿಸುವ ರೂಢಿ, ಹೊಟ್ಟೆಗೆ ಸಾಲದಿದ್ದ ಕಾಲದಲ್ಲಿ ಮೈ ತುಂಬಿಕೊಳ್ಳಲು ಹುಟ್ಟಿದ್ದು. ಈಗ ಅನೇಕರಲ್ಲಿ ಅದು ಇಳಿಯದ ಹೊಟ್ಟೆಯಾಗಿ ಉಳಿಯುತ್ತದೆ. ಇನ್ನೊಂದು, ಅಪರೂಪವಾದರೂ ಮರೆಯಬಾರದ್ದು: ಬಸಿರಿನ ಕೊನೆಯ ತಿಂಗಳಲ್ಲಿ ಅಥವಾ ಹೆರಿಗೆಯಾದ ಐದು ತಿಂಗಳೊಳಗೆ ಕೆಲವರ ಹೃದಯದ ಸ್ನಾಯು ಸೋಲುತ್ತದೆ. ಮಲಗಿದರೆ ದಮ್ಮು, ಕಾಲಿಗೆ ಬಾವು. ಬಾಣಂತಿಗೆ ಥಂಡಿ ಹತ್ತಿದೆ ಎಂದು ಮನೆಯಲ್ಲೇ ಇಟ್ಟುಕೊಂಡರೆ ಜೀವಕ್ಕೇ ಅಪಾಯ.

ಮುಟ್ಟು ನಿಲ್ಲುವುದು ಭಾರತದಲ್ಲಿ ಸರಾಸರಿ 46–47ರ ಸುಮಾರಿಗೆ. ಅಲ್ಲಿಂದಾಚೆ ಈಸ್ಟ್ರೋಜೆನ್ ಹಾರ್ಮೋನಿನ ರಕ್ಷಣೆ ಕಡಿಮೆಯಾಗಿ ಕೊಬ್ಬು, ಬಿ.ಪಿ. ಏರತೊಡಗುತ್ತವೆ. ಉತ್ತರ ಕರ್ನಾಟಕದಲ್ಲಿ ಇದಕ್ಕೊಂದು ಕಹಿ ಅಧ್ಯಾಯ ಸೇರಿಕೊಂಡಿದೆ. ಬಿಳಿಸೆರಗು, ಹೊಟ್ಟೆನೋವು, ಹೆಚ್ಚು ಮುಟ್ಟಿನಂಥ ತೊಂದರೆಗಳಿಗೆ ಮೂವತ್ತರ ಆಸುಪಾಸಿನಲ್ಲೇ ಗರ್ಭಕೋಶ ತೆಗೆಸಿಕೊಂಡವರು ಹಳ್ಳಿಹಳ್ಳಿಯಲ್ಲಿ ಸಿಗುತ್ತಾರೆ. ಕಳೆದ ದಶಕದಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮಹಿಳೆಯರಿಗೆ ಅನಗತ್ಯವಾಗಿ ಈ ಶಸ್ತ್ರಚಿಕಿತ್ಸೆ ಮಾಡಿದ ಆರೋಪ ಎದ್ದು ಹೋರಾಟವೇ ನಡೆಯಿತು. 2023ರಲ್ಲಿ ಸುಪ್ರೀಂ ಕೋರ್ಟ್ ಇಂಥ ಶಸ್ತ್ರಚಿಕಿತ್ಸೆಗಳ ಮೇಲೆ ಕಣ್ಣಿಡುವಂತೆ ರಾಜ್ಯಗಳಿಗೆ ಸೂಚಿಸಿತು. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದರೆ ಮುಟ್ಟು ನಿಲ್ಲುವ ಕಾಲ ಹತ್ತು ಹದಿನೈದು ವರ್ಷ ಮುಂಚೆಯೇ ಬಂದಂತೆ. ಹೃದಯದ ಅಪಾಯವೂ ಅಷ್ಟು ಬೇಗ ಶುರು. ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ಇನ್ನೊಬ್ಬ ವೈದ್ಯರನ್ನು ಕೇಳುವುದು ಹೃದಯದ ರಕ್ಷಣೆಯೂ ಹೌದು.

ತಾಟು

ಜೋಳದ ರೊಟ್ಟಿಯನ್ನು ಮಾಡುವ ಬಗೆಯನ್ನೇ ನೋಡಿ. ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದುತ್ತಾರೆ, ಬಡಿಯುತ್ತಾರೆ, ಹಂಚಿಗೆ ಹಾಕಿ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ, ತಿರುವಿ ಕೆಂಡಕ್ಕೆ ಹಿಡಿಯುತ್ತಾರೆ. ಹಳೆಯ ಪದ್ಧತಿಯಲ್ಲಿ ಇದಕ್ಕೆ ಉಪ್ಪೂ ಬೀಳುವುದಿಲ್ಲ, ಎಣ್ಣೆಯೂ ಬೀಳುವುದಿಲ್ಲ. ಇಷ್ಟು ಸಪ್ಪೆಯಾದ, ನಾರು ತುಂಬಿದ ಮುಖ್ಯ ಆಹಾರ ಜಗತ್ತಿನ ಎಷ್ಟು ಅಡುಗೆಮನೆಗಳಲ್ಲಿದೆ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ರೊಟ್ಟಿಯ ಜೊತೆಗೆ ಹೆಸರುಕಾಳು, ಮಡಿಕೆಕಾಳಿನ ಪಲ್ಯ, ಪುಂಡಿಪಲ್ಯ, ಹತ್ತರಕಿ, ಮೆಂತ್ಯೆ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮಜ್ಜಿಗೆ. ಅಗಸಿ ಹಿಂಡಿಯಂತೂ ಮೀನು ತಿನ್ನದವರಿಗೆ ಒಮೆಗಾ-3 ಕೊಬ್ಬಿನ ಕಣಜ; ಅಗಸೆ ಎಣ್ಣೆಯ ಅರ್ಧಕ್ಕೂ ಹೆಚ್ಚು ಭಾಗ ಅದೇ. ಗುರೆಳ್ಳು, ಶೇಂಗಾ ಹಿಂಡಿಗಳೂ ಒಳ್ಳೆಯ ಕೊಬ್ಬಿನವೇ.

ತೊಂದರೆ ರೊಟ್ಟಿಯ ಪಕ್ಕದಲ್ಲಿದೆ. ಸಪ್ಪೆ ರೊಟ್ಟಿಗೆ ಜೊತೆಯಾಗಿ ಬರುವ ಉಪ್ಪಿನಕಾಯಿ, ಕೆಂಪುಖಾರ, ಹಪ್ಪಳ, ಸಂಡಿಗೆ, ಉಪ್ಪುಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಮೆಣಸಿನಕಾಯಿ ಎಲ್ಲವೂ ಉಪ್ಪಿನಿಂದಲೇ ಬಾಳಿಕೆ ಬರುವಂಥವು. ಬೇಸಗೆಯಲ್ಲಿ ತರಕಾರಿ ತುಟ್ಟಿಯಾದಾಗ, ಹೊಲಕ್ಕೆ ಬುತ್ತಿ ಕಟ್ಟುವಾಗ ಇವೇ ಪಲ್ಯದ ಜಾಗ ತೆಗೆದುಕೊಳ್ಳುತ್ತವೆ. ಎಲ್ಲರೂ ಉಂಡ ಮೇಲೆ ಕೊನೆಗೆ ಕೂರುವ ಹೆಣ್ಣುಮಗಳಿಗೆ ಪಾತ್ರೆಯಲ್ಲಿ ಪಲ್ಯ ಉಳಿದಿರುವುದಿಲ್ಲ. ರೊಟ್ಟಿಗೆ ಖಾರ ಹಚ್ಚಿಕೊಂಡು ಮುಗಿಸುತ್ತಾಳೆ. ಒಂದೇ ಮನೆಯ ಒಂದೇ ಅಡುಗೆಯಲ್ಲಿ ಗಂಡಸಿನ ಹೊಟ್ಟೆಗೆ ಕಾಳುಪಲ್ಯ, ಹೆಂಗಸಿನ ಹೊಟ್ಟೆಗೆ ಉಪ್ಪು ಹೋಗುವುದು ಹೀಗೆ. ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು, ಅದಾಗದಿದ್ದರೆ ಪಲ್ಯದ ಒಂದು ಪಾಲನ್ನು ಮೊದಲೇ ತೆಗೆದಿಡುವುದು, ಯಾವ ಆಹಾರ ಪಟ್ಟಿಗಿಂತಲೂ ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ ತಲೆಗೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಸಣ್ಣ ಚಮಚ. ಚಮಚ ಹಿಡಿದು ಅಡುಗೆ ಮಾಡುವವರು ಯಾರೂ ಇಲ್ಲವಾದ್ದರಿಂದ ಪೊಟ್ಟಣದ ಲೆಕ್ಕ ಸುಲಭ: ನಾಲ್ಕು ಜನ ದೊಡ್ಡವರಿರುವ ಮನೆಯಲ್ಲಿ ಒಂದು ಕೆ.ಜಿ. ಉಪ್ಪು 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳಕ್ಕೆ ಹಾಕಿದ್ದೂ ಇದರಲ್ಲೇ ಸೇರಬೇಕು. ಸೋಡಿಯಂ ಕಡಿಮೆಯಿದ್ದು ಪೊಟ್ಯಾಸಿಯಂ ಬೆರೆತ ಉಪ್ಪನ್ನು ಚೀನಾದ ಹಳ್ಳಿಗಳ ಸುಮಾರು 21,000 ಜನರ ಮೇಲೆ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಗಿತ್ತು. ಈ ಉಪ್ಪು ಇಲ್ಲಿನ ಅಂಗಡಿಗಳಿಗೂ ಬರತೊಡಗಿದೆ, ಬೆಲೆ ಹೆಚ್ಚು. ಮೂತ್ರಪಿಂಡದ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು.

ಎಣ್ಣೆಯ ಕತೆ ಬೇರೆ. ಜೋಳದ ಹೊಲದಲ್ಲಿ ಅಕ್ಕಡಿ ಸಾಲಾಗಿ, ದನ ನುಗ್ಗದಂತೆ ಅಂಚಿಗೆ ಮುಳ್ಳಿನ ಬೇಲಿಯಾಗಿ ಕುಸುಬಿ ಬಿತ್ತುವುದು ಈ ಸೀಮೆಯ ಪದ್ಧತಿಯಾಗಿತ್ತು. ಗಾಣದಿಂದ ಮನೆಗೆ ಬರುತ್ತಿದ್ದದ್ದು ಕುಸುಬಿ ಎಣ್ಣೆ, ಶೇಂಗಾ ಎಣ್ಣೆ. ವರ್ಷದ ಎಣ್ಣೆ ವರ್ಷಕ್ಕೆ ಲೆಕ್ಕ ಹಾಕಿ ಬಳಸುತ್ತಿದ್ದರು. ಕುಸುಬಿಯ ಬಿತ್ತನೆ ಕುಗ್ಗಿ ಪ್ಯಾಕೆಟ್ ಎಣ್ಣೆ ಬಂದ ಮೇಲೆ ಅಗ್ಗವಾದದ್ದು ತಾಳೆ ಎಣ್ಣೆ, ಅದರಲ್ಲಿ ಅರ್ಧದಷ್ಟು ಗಟ್ಟಿ ಕೊಬ್ಬು. ಕುಳಿತು ಕೆಲಸ ಮಾಡುವ ಮಹಿಳೆಗೆ ದಿನಕ್ಕೆ 20 ಗ್ರಾಂ ಎಣ್ಣೆ ಸಾಕು ಎಂಬುದು ಪೋಷಣಾ ಸಂಸ್ಥೆಯ ಸಲಹೆ. ನಾಲ್ವರ ಮನೆಗೆ ತಿಂಗಳಿಗೆ ಎರಡೂವರೆ ಕೆ.ಜಿ. ಒಳಗೆ. ಗದಗ ಸೀಮೆಯಲ್ಲಿ ಮಿರ್ಚಿ, ಗಿರ್ಮಿಟ್ ಬೇಡ ಎಂದು ಹೇಳುವ ಧೈರ್ಯ ಯಾವ ವಿಶ್ವಕೋಶಕ್ಕೂ ಇರಲಾರದು. ಸಂತೆಯ ದಿನ ತಿಂದದ್ದು ಹೃದಯವನ್ನು ನಿಲ್ಲಿಸುವುದಿಲ್ಲ. ದಿನಾ ಸಂಜೆ ಅದೇ ಆದರೆ, ಅದರಲ್ಲೂ ಬೆಳಗಿನಿಂದ ಕುದ್ದು ಕಪ್ಪಾದ ಎಣ್ಣೆಯಲ್ಲಿ ಕರಿದದ್ದಾದರೆ, ಆಗ ಯೋಚಿಸಬೇಕು.

ಹಸಿವನ್ನು ಚಹಾದಿಂದ ಮುಚ್ಚುವುದು ಹೆಣ್ಣುಮಕ್ಕಳಲ್ಲೇ ಹೆಚ್ಚು. ಕಪ್ಪಿಗೆ ಎರಡು ಚಮಚದಂತೆ ದಿನಕ್ಕೆ ನಾಲ್ಕು ಚಹಾ ಕುಡಿದರೆ ಸುಮಾರು 40 ಗ್ರಾಂ ಸಕ್ಕರೆ; ಒಳ್ಳೆಯದೆಂದು ಹೇಳುವ ಮಿತಿ 25 ಗ್ರಾಂ. ಪಡಿತರದ ಅಕ್ಕಿ ಬಂದ ಮೇಲೆ, ಅಂದರೆ 2013ರ ಅನ್ನಭಾಗ್ಯದಿಂದೀಚೆಗೆ, ಎರಡು ಹೊತ್ತಿನ ರೊಟ್ಟಿ ಒಂದು ಹೊತ್ತಿಗೆ ಇಳಿದ ಮನೆಗಳಿವೆ. ರೊಟ್ಟಿ ಬಡಿಯುವ ಶ್ರಮ ಹೆಣ್ಣಿನದು, ಅನ್ನ ಕುಕ್ಕರಿನದು. ಆಕೆ ಅನ್ನ ಆರಿಸಿಕೊಂಡರೆ ತಪ್ಪೆನ್ನುವಂತಿಲ್ಲ. ರೊಟ್ಟಿ ಬೇಕೆನ್ನುವ ಗಂಡುಮಕ್ಕಳು ಬಡಿಯಲು ಕಲಿಯಬಹುದು. ಕಟಕ ರೊಟ್ಟಿಯನ್ನು ವಾರಕ್ಕೊಮ್ಮೆ ಮಾಡಿಟ್ಟುಕೊಳ್ಳುವ ಹಳೆಯ ಉಪಾಯವೂ ಇದೆ.

ಸೋಮವಾರ, ಶ್ರಾವಣ, ಶಿವರಾತ್ರಿಗಳ ಉಪವಾಸ ಆರೋಗ್ಯವಂತರಿಗೆ ಕೇಡಲ್ಲ. ಉಪವಾಸವೆಂದು ಬಿ.ಪಿ., ಸಕ್ಕರೆಯ ಗುಳಿಗೆಯನ್ನೂ ಬಿಟ್ಟು ಸಾಬುದಾಣಿ ಒಗ್ಗರಣೆ ತಿನ್ನುವುದು ಕೇಡು.

ಹೊಗೆ ಮತ್ತು ತಂಬಾಕು

ಸೌದೆ, ಹತ್ತಿಕಟ್ಟಿಗೆ, ಕುಳ್ಳುಗಳ ಹೊಗೆ ಶ್ವಾಸಕೋಶಕ್ಕಷ್ಟೇ ಹಾನಿ ಎಂದುಕೊಳ್ಳುವುದುಂಟು. ಹೊಗೆಯ ನುಣ್ಣನೆಯ ಕಣಗಳು ಶ್ವಾಸಕೋಶವನ್ನು ದಾಟಿ ರಕ್ತಕ್ಕಿಳಿದು ನಾಳಗಳ ಒಳಪದರವನ್ನು ಕೆರಳಿಸುತ್ತವೆ, ಬಿ.ಪಿ. ಏರಿಸುತ್ತವೆ. ಬೀಡಿ ಮುಟ್ಟದ ಹೆಣ್ಣುಮಗಳು ಒಲೆಯ ಮುಂದೆ ಕೂತು ಹೊಗೆ ಕುಡಿಯುತ್ತಾಳೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರ ಹೊಗೆಕೊಳವೆಯ ಒಲೆಯನ್ನು ರೂಪಿಸಿತು. ‘ಅಸ್ತ್ರ ಒಲೆ’ ಎಂಬ ಹೆಸರಿನಲ್ಲಿ ಅದು ರಾಜ್ಯದ ಅನೇಕ ಮನೆಗಳನ್ನು ಸೇರಿತು. 2016ರ ಉಜ್ವಲಾ ಯೋಜನೆಯಿಂದ ಗ್ಯಾಸ್ ಬಂತು. ಆದರೂ ಸಿಲಿಂಡರ್ ಉಳಿಸಲೆಂದು ರೊಟ್ಟಿ, ಸ್ನಾನದ ನೀರು ಇನ್ನೂ ಕಟ್ಟಿಗೆಯ ಒಲೆಯ ಮೇಲೆಯೇ. ಅಂಥಲ್ಲಿ ನೀರು ಕಾಯಿಸುವ ಒಲೆಯನ್ನಾದರೂ ಹೊರಗೆ ಹಾಕುವುದು, ಒಣಗಿದ ಕಟ್ಟಿಗೆಯನ್ನೇ ಉರಿಸುವುದು ಕೈಗೆಟಕುವ ಕೆಲಸ.

ತಂಬಾಕಿನ ವಿಷಯದಲ್ಲಿ ಹೆಣ್ಣುಮಕ್ಕಳ ಪಾಲನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಹೊಗೆ ಕಾಣುವುದಿಲ್ಲ. ಎಲೆ-ಅಡಿಕೆಯೊಳಗಿನ ಕಡ್ಡಿಪುಡಿ, ಹಲ್ಲಿಗೆ ತಿಕ್ಕುವ ಸುಟ್ಟ ತಂಬಾಕು, ನಶ್ಯ ಇವು ವಯಸ್ಸಾದವರ ಸೊಂಟದ ಚೀಲದಲ್ಲಿ ಮರ್ಯಾದೆಯಿಂದಲೇ ಇರುತ್ತವೆ. ನಿಕೋಟಿನ್ ಯಾವ ದಾರಿಯಿಂದ ಹೋದರೂ ನಾಡಿಯನ್ನು, ಬಿ.ಪಿ.ಯನ್ನು ಏರಿಸುತ್ತದೆ.

ದುಡಿಮೆ, ನಿದ್ದೆ, ಚಿಂತೆ

ವಾರಕ್ಕೆ 150 ನಿಮಿಷವಾದರೂ ಸ್ವಲ್ಪ ಏದುಸಿರು ಬರುವಂಥ ದೈಹಿಕ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂತ್ರ. ಕಸ ತೆಗೆಯುವ, ಮೆಣಸಿನಕಾಯಿ ಬಿಡಿಸುವ, ಉದ್ಯೋಗ ಖಾತ್ರಿ ಕೆಲಸದಲ್ಲಿ ಮಣ್ಣು ಹೊರುವ ಹೆಂಗಸರಿಗೆ ಇದನ್ನು ಹೇಳಿದರೆ ನಕ್ಕಾರು. ಅವರ ನಗುವಿನಲ್ಲಿ ಅರ್ಧ ನಿಜವಿದೆ. ಹೊಲದ ಕೆಲಸ ಸುಗ್ಗಿಯ ಮಾತು. ಉಳಿದ ತಿಂಗಳುಗಳಲ್ಲಿ ಮೈ ಅಷ್ಟು ಆಡುವುದಿಲ್ಲ. ಹೊಲಕ್ಕೆ ನಡೆದು ಹೋಗುತ್ತಿದ್ದವರನ್ನು ಈಗ ಟಂಟಂ, ಟ್ರ್ಯಾಕ್ಟರ್ ಕರೆದೊಯ್ಯುತ್ತವೆ, ಬೀಸುವುದು ಗಿರಣಿಗೆ ಹೋಯಿತು, ನೀರು ನಲ್ಲಿಗೆ ಬಂತು. ಇವೆಲ್ಲ ಒಳ್ಳೆಯದಕ್ಕೇ ಆದ ಬದಲಾವಣೆಗಳು. ಗಜೇಂದ್ರಗಡದಲ್ಲಿ ಪಟ್ಟೇದ ಅಂಚಿನ ಸೀರೆ ನೇಯುವ ಮಗ್ಗದ ಮುಂದೆ, ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವವರಿಗೆ ಕೈ ಸೋಲುತ್ತದೆಯೇ ಹೊರತು ಹೃದಯಕ್ಕೆ ಕೆಲಸ ಸಿಗುವುದಿಲ್ಲ. ಅವರಿಗೆ ನಡಿಗೆ ಬೇಕು. ಬೆಳಗ್ಗೆ ಟ್ರ್ಯಾಕ್ ಸೂಟಿನಲ್ಲಿ ನಡೆಯುವುದು ಹಳ್ಳಿಯಲ್ಲಿ ಮುಜುಗರವಾದರೆ ಗುಡಿಗೆ, ಸಂತೆಗೆ, ಬಸ್ ನಿಲ್ದಾಣಕ್ಕೆ ಇಬ್ಬರು ಮೂವರು ಕೂಡಿ ಬಿರುಸಾಗಿ ನಡೆದರೂ ಲೆಕ್ಕ ಅದೇ.

ಹೊಟ್ಟೆಯ ಸುತ್ತಳತೆ ತೂಕಕ್ಕಿಂತ ಹೆಚ್ಚು ಹೇಳುತ್ತದೆ. ಭಾರತೀಯ ಮಹಿಳೆಗೆ ಮಿತಿ 80 ಸೆಂ.ಮೀ., ಗಂಡಸಿಗೆ 90. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಅಳತೆಗಳ ಪ್ರಕಾರ ದೇಶದಲ್ಲಿ ಶೇ. 40ರಷ್ಟು ಮಹಿಳೆಯರು ಈ ಮಿತಿ ದಾಟಿದ್ದಾರೆ, ಗಂಡಸರಲ್ಲಿ ಶೇ. 12 ಮಾತ್ರ. ಸೀರೆಯಲ್ಲಿ ಇದು ತಿಳಿಯುವುದೂ ಇಲ್ಲ. ಪ್ಯಾಂಟಿನ ಗುಂಡಿ ಹಾಕಲಾಗದಿದ್ದಾಗ ಗಂಡಸಿಗೆ ತಿಳಿಯುತ್ತದೆ, ಸೀರೆಯ ನಿರಿಗೆಯೋ ಎಷ್ಟು ಬೇಕಾದರೂ ಹೊಂದಿಕೊಳ್ಳುತ್ತದೆ.

ಮೊದಲು ಏಳುವವಳು, ಕೊನೆಗೆ ಮಲಗುವವಳು ಆಕೆಯೇ. ಆರು ಗಂಟೆಗಿಂತ ಕಡಿಮೆ ನಿದ್ದೆ ವರ್ಷಗಟ್ಟಲೆ ನಡೆದರೆ ಬಿ.ಪಿ. ಏರುತ್ತದೆ. ಚಿಂತೆಯ ಮಾತು ಬಂದರೆ, ಧ್ಯಾನ, ಪ್ರಾಣಾಯಾಮಗಳ ಸಲಹೆ ಸುಲಭ. ಸಂಘದ ಸಾಲದ ಕಂತು ಎದುರಿಗಿರುವಾಗ ಅದು ಅರ್ಧಂಬರ್ಧ ಸಲಹೆ. ಸಣ್ಣ ಸಾಲಗಳು ಹೆಣ್ಣುಮಕ್ಕಳ ಹೆಸರಿನಲ್ಲೇ ಇರುತ್ತವೆ, ವಸೂಲಿಗೆ ಬರುವವರು ಅವರ ಬಾಗಿಲಿಗೇ ಬರುತ್ತಾರೆ. ವಸೂಲಿ ಕಿರುಕುಳ ಮಿತಿಮೀರಿದ್ದರಿಂದ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಇದನ್ನು ಹೃದ್ರೋಗ ತಡೆಯ ಕ್ರಮವೆಂದು ಯಾರೂ ಕರೆಯಲಿಲ್ಲ, ಕರೆಯಬಹುದಾಗಿತ್ತು.

ಅಳೆಯುವ ರೂಢಿ

2019–21ರ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15 ವರ್ಷ ದಾಟಿದ ಮಹಿಳೆಯರಲ್ಲಿ ನಾಲ್ವರಿಗೆ ಒಬ್ಬರಂತೆ ಬಿ.ಪಿ. ಹೆಚ್ಚಿದೆ ಅಥವಾ ಅದಕ್ಕೆ ಗುಳಿಗೆ ನಡೆದಿದೆ. ಬಿ.ಪಿ.ಗೆ ಲಕ್ಷಣವಿಲ್ಲ. ತಲೆನೋವು, ತಲೆ ತಿರುಗುವುದು ಬಂದಾಗ ಮಾತ್ರ ನೋಡಿಸಿಕೊಳ್ಳುವವರು ತಡವಾಗಿಯೇ ನೋಡಿಸಿಕೊಳ್ಳುತ್ತಾರೆ. ಮೂವತ್ತು ದಾಟಿದವರು ಏನೂ ತೊಂದರೆಯಿಲ್ಲದಿದ್ದರೂ ವರ್ಷಕ್ಕೊಮ್ಮೆ ಬಿ.ಪಿ., ಸಕ್ಕರೆ ನೋಡಿಸಬೇಕು. ಆಶಾ ಕಾರ್ಯಕರ್ತೆಯರ ಮೂಲಕ, ಆರೋಗ್ಯ ಉಪಕೇಂದ್ರಗಳಲ್ಲಿ ಈ ತಪಾಸಣೆ ಉಚಿತವಾಗಿ ನಡೆಯುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ ಪ್ರಯಾಣ ಉಚಿತವಾದ ಮೇಲೆ, ರೋಣಕ್ಕೋ ಗದಗಿಗೋ ಹೋಗಿ ತೋರಿಸಿಕೊಳ್ಳಲು ಯಾರ ಕೈಯಿಂದಲೂ ಬಸ್ ಚಾರ್ಜು ಕೇಳಬೇಕಾಗಿಲ್ಲ.

ಅಳೆಯುವುದರಲ್ಲಿ ತಪ್ಪುಗಳಾಗುವುದು ಸಾಮಾನ್ಯ. ಕುಪ್ಪಸದ ಬಿಗಿ ತೋಳಿನ ಮೇಲೆಯೇ ಪಟ್ಟಿ ಸುತ್ತುತ್ತಾರೆ, ಇಲ್ಲವೇ ತೋಳನ್ನು ಮೇಲಕ್ಕೆ ಒತ್ತರಿಸಿ ಅದು ಹಗ್ಗದಂತೆ ಬಿಗಿದಿರುವಾಗ ಅಳೆಯುತ್ತಾರೆ. ಬಿಸಿಲಲ್ಲಿ ನಡೆದು ಬಂದವಳನ್ನು ಕೂರಿಸಿ ಕೂಡಲೇ ಗಾಳಿ ತುಂಬುತ್ತಾರೆ. ಅಳೆಯುವಾಗ ಮಗನ ಮದುವೆ, ಮಳೆ, ಬೆಳೆ ಎಲ್ಲ ಮಾತಿಗೆ ಬರುತ್ತದೆ. ಮಾತೊಂದೇ ಹತ್ತು ಅಂಕಗಳಷ್ಟು ಏರಿಸಬಲ್ಲದು. ಸರಿಯಾದ ಕ್ರಮ ಸರಳ: ಅರ್ಧ ಗಂಟೆ ಮೊದಲು ಚಹಾ, ತಂಬಾಕು ಬೇಡ; ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆಯಿಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಬೇಕು; ಬರಿದೋಳಿಗೆ ಪಟ್ಟಿ, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲೆ. ಎರಡು ಸಲ ಅಳೆಯಬೇಕು. ಅಗಲ ತೋಳಿನ ಸಡಿಲ ಕುಪ್ಪಸ ಹಾಕಿಕೊಂಡು ಹೋದರೆ ಅರ್ಧ ತೊಂದರೆ ಕಡಿಮೆ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಮೇಲಿದ್ದರೆ ಅದು ಅಧಿಕ ರಕ್ತದೊತ್ತಡ.

ಗುಳಿಗೆ ಶುರುವಾದ ಮೇಲೆ ಇನ್ನೊಂದು ಗಂಡಾಂತರ: ಎರಡು ತಿಂಗಳಲ್ಲಿ ಬಿ.ಪಿ. ಹದಕ್ಕೆ ಬಂದರೆ, ಕಡಿಮೆಯಾಯಿತೆಂದು ಗುಳಿಗೆ ಬಿಡುವುದು. ಹದಕ್ಕೆ ಬಂದದ್ದೇ ಗುಳಿಗೆಯಿಂದ. 2025ರ ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. ಒಂದು ದಿನದ ಭಯಕ್ಕೆ ತೆಗೆಸಿದ ಇಸಿಜಿಗಿಂತ ಊರಿನ ಉಪಕೇಂದ್ರದಲ್ಲಿ ವರ್ಷವರ್ಷ ಬರೆಸಿಕೊಂಡ ಬಿ.ಪಿ. ಹೆಚ್ಚು ಬೆಲೆಬಾಳುತ್ತದೆ.

ಮಕ್ಕಳ ಗಂಟಲುನೋವಿಗೂ ತಾಯಿಯ ಹೃದಯಕ್ಕೂ ಏನು ಸಂಬಂಧ ಎನಿಸಬಹುದು. ಸ್ಟ್ರೆಪ್ಟೊಕಾಕಸ್ ಸೋಂಕಿನ ಗಂಟಲುನೋವಿಗೆ ಚಿಕಿತ್ಸೆಯಾಗದೆ ಹೋದರೆ ಕೆಲವು ಮಕ್ಕಳಿಗೆ ಕೀಲುವಾತದ ಜ್ವರ ಬಂದು ಹೃದಯದ ಕವಾಟಗಳು ಕೆಡುತ್ತವೆ. ಹೀಗೆ ಕವಾಟ ಕಿರಿದಾಗುವುದು ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ ಕಾಣುತ್ತದೆ, ಮತ್ತು ಅದು ಗೊತ್ತಾಗುವುದು ಎಷ್ಟೋ ಸಲ ಮೊದಲ ಬಸಿರಿನಲ್ಲಿ ದಮ್ಮು ಬಂದಾಗ. ಇಂಥವರು ಮೂರು-ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ತಪ್ಪಿಸಬಾರದು.

ಲಕ್ಷಣಗಳು, ಆಸ್ಪತ್ರೆಯ ದಾರಿ

ಹೃದಯಾಘಾತದಲ್ಲಿ ಹೆಂಗಸರಿಗೂ ಎದೆನೋವೇ ಮುಖ್ಯ ಲಕ್ಷಣ. ಅದರ ಜೊತೆಗೆ ಅಥವಾ ಅದಿಲ್ಲದೆಯೇ ದಮ್ಮು, ವಾಂತಿ ಬಂದಂತಾಗುವುದು, ದವಡೆ-ಕುತ್ತಿಗೆ-ಬೆನ್ನಿನ ನೋವು, ತಣ್ಣನೆಯ ಬೆವರು, ಹಿಂದೆಂದೂ ಇಲ್ಲದ ಸುಸ್ತು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇವಕ್ಕೆಲ್ಲ ಮನೆಯಲ್ಲಿ ಬೇರೆ ಹೆಸರುಗಳು ತಯಾರಿರುತ್ತವೆ: ವಾಯು, ಪಿತ್ತ, ಗ್ಯಾಸ್. ಜೀರಿಗೆ ನೀರು, ಸೋಡಾ ಕುಡಿದು ಒಂದು ರಾತ್ರಿ ಕಳೆಯುತ್ತದೆ. ಸುಸ್ತಿಗೆ ರಕ್ತ ಕಡಿಮೆ ಎಂಬ ವಿವರಣೆ ಬೇರೆ. ರಾಜ್ಯದ ಮಹಿಳೆಯರಲ್ಲಿ ಶೇ. 48ರಷ್ಟು ಮಂದಿಗೆ ರಕ್ತಹೀನತೆ ಇರುವುದರಿಂದ ಆ ವಿವರಣೆ ಅರ್ಧ ಸಲ ನಿಜವೂ ಆಗಿರುತ್ತದೆ; ಅದಕ್ಕೇ ಅದು ಅಪಾಯಕಾರಿ. ತೀವ್ರ ರಕ್ತಹೀನತೆ ತಾನೇ ಹೃದಯಕ್ಕೆ ಹೊರೆ ಹೇರುತ್ತದೆ ಎಂಬುದೂ ಉಂಟು. “ನನಗೇನಾಗೇತಿ, ಗಟ್ಟ್ಯಾಗದೀನಿ” ಎಂಬ ಮಾತನ್ನು ಒಪ್ಪಿ ಸುಮ್ಮನಾಗುವ ಮನೆಯವರೂ ಈ ವಿಳಂಬದ ಪಾಲುದಾರರು. ಮೊದಲು ಏರುತ್ತಿದ್ದ ಮೆಟ್ಟಿಲು, ಮೊದಲು ಹೊರುತ್ತಿದ್ದ ಕೊಡ ಈ ತಿಂಗಳು ಆಗುತ್ತಿಲ್ಲವೆಂದರೆ ಅದನ್ನು ದವಾಖಾನೆಯಲ್ಲಿ ಹೀಗೆಯೇ ಹೇಳಬೇಕು. ಬರೀ ಸುಸ್ತು ಎಂದರೆ ಟಾನಿಕ್ ಬರೆದು ಕಳಿಸುವ ಸಂಭವವೇ ಹೆಚ್ಚು.

ದೊಡ್ಡ ರಕ್ತನಾಳಗಳಲ್ಲಿ ತಡೆಯಿಲ್ಲದಿದ್ದರೂ ಸಣ್ಣ ನಾಳಗಳ ದೋಷದಿಂದ ಎದೆನೋವು ಬರುವುದು ಮಹಿಳೆಯರಲ್ಲಿ ಹೆಚ್ಚು. ಆಂಜಿಯೋಗ್ರಾಂ ಚೆನ್ನಾಗಿದೆ ಎಂದ ಮಾತ್ರಕ್ಕೆ ನೋವು ಮನಸ್ಸಿನದು ಎಂದು ತೀರ್ಮಾನಿಸಲಾಗದು.

ಗಜೇಂದ್ರಗಡದಿಂದ ಗದಗಿಗೆ ಐವತ್ತು ಕಿ.ಮೀ.ಗೂ ಹೆಚ್ಚು ದಾರಿ. ಅಲ್ಲಿ 2015ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅಲ್ಲಿಂದ ಹುಬ್ಬಳ್ಳಿಗೆ ಮತ್ತೆ ಸುಮಾರು 60 ಕಿ.ಮೀ. ಈ ದೂರವೇ ಒಂದು ಕಾಯಿಲೆಯಂತಿತ್ತು. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ 2023–24ರಲ್ಲಿ ಜಾರಿಗೆ ಬಂದ ಹೃದಯ ಜ್ಯೋತಿ ಯೋಜನೆ ಈ ದೂರವನ್ನು ಗಮನದಲ್ಲಿಟ್ಟುಕೊಂಡದ್ದು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಹೃದ್ರೋಗ ಕೇಂದ್ರದ ತಜ್ಞರು ಕೆಲವೇ ನಿಮಿಷಗಳಲ್ಲಿ ನೋಡಿ ಹೇಳುತ್ತಾರೆ. ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದರ ಬೆಲೆ 25,000 ರೂಪಾಯಿಯ ಸುಮಾರು. ಆಮೇಲೆ ರೋಗಿಯನ್ನು ಆಂಜಿಯೋಗ್ರಾಂ ಸೌಲಭ್ಯವಿರುವ ಆಸ್ಪತ್ರೆಗೆ ಸಾಗಿಸಬೇಕು. ರಾಜ್ಯದಲ್ಲಿ 2008ರಿಂದ ಇರುವ 108 ಆಂಬುಲೆನ್ಸನ್ನು ಕರೆಯುವಾಗ ಎದೆನೋವು ಎಂಬ ಪದವನ್ನೇ ಬಳಸಬೇಕು, ರೋಗಿ ಹೆಂಗಸಾದರೂ. ಈ ಚುಚ್ಚುಮದ್ದನ್ನು ನೋವು ಶುರುವಾಗಿ 12 ಗಂಟೆಯೊಳಗೆ ಕೊಡಬಹುದು. ಅದರ ಫಲ ಹೆಚ್ಚಿರುವುದು ಮೊದಲ ಮೂರು ಗಂಟೆಗಳಲ್ಲಿ.